ಕುಹರದ ಶ್ರುತಿ ಹಿಡಿದವರು

ರೇಡಿಯೋ ತರಂಗದ ಸರ್ಕ್ಯೂಟುಗಳ ನಡುವೆಯೇ ತಲೆ ನರೆತವನು ನಾನು. ಹ್ಯಾಂಬರ್ಗಿನ ಡೇಸಿ ಪ್ರಯೋಗಾಲಯದ ಈ ಕಥೆ ನನಗೆ ಅಚ್ಚುಮೆಚ್ಚು. 1965ರಲ್ಲಿ ಸ್ಟ್ಯಾನ್‌ಫರ್ಡಿನವರು ರೇಡಿಯೋ ತರಂಗ ತುಂಬುವ ಟೊಳ್ಳು ಪಾತ್ರೆಯಲ್ಲಿ, ಅಂದರೆ ಸೀಸ ಲೇಪಿಸಿದ ಅತಿವಾಹಕ ಕುಹರದಲ್ಲಿ, ಎಲೆಕ್ಟ್ರಾನುಗಳನ್ನು ಓಡಿಸಿ ತೋರಿಸಿದ್ದರು. 1990ರ ದಶಕದಲ್ಲಿ ಡೇಸಿಯಲ್ಲಿ ಬ್ಯೋರ್ನ್ ವೀಕ್ ಮುಂದಾಳತ್ವದ ಟೆಸ್ಲಾ ತಂಡ ನಿಯೋಬಿಯಂ ಲೋಹದ ಕುಹರ ಹಿಡಿಯಿತು: ಮೀಟರು ಉದ್ದ, ಒಂಬತ್ತು ಕೋಶ, 2 ಕೆಲ್ವಿನ್ ಹೀಲಿಯಂನ ಸ್ನಾನ, 1.3 ಗಿಗಾಹರ್ಟ್ಸ್ ಕಂಪನ. ಗೋಡೆಯ ದಪ್ಪ ಮೂರು ಮಿಲಿಮೀಟರೂ ಇಲ್ಲ.

ತಕರಾರು ಅಲ್ಲೇ ಇತ್ತು. ಒಳಗೆ ತುಂಬಿಸಿದ ವಿದ್ಯುತ್ಕಾಂತ ಕ್ಷೇತ್ರವೇ ಗೋಡೆಯನ್ನು ಒತ್ತಿ ಆಕಾರ ಕೆಡಿಸುತ್ತದೆ. ಕ್ಷೇತ್ರ ಇಮ್ಮಡಿಯಾದರೆ ಕಂಪನಾಂಕದ ಜಾರಾಟ ನಾಲ್ಮಡಿ. ಮೀಟರಿಗೆ 25 ಮೆಗಾವೋಲ್ಟ್ ಏರುವಷ್ಟರಲ್ಲಿ ಅದು ನೂರಾರು ಹರ್ಟ್ಸ್. ಕುಹರ ಸಹಿಸುವ ಕಂಪನಾಂಕ ಪಟ್ಟಿಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಇಷ್ಟೆಲ್ಲ ನಡೆಯುವುದು ಒಂದೆರಡು ಮಿಲಿಸೆಕೆಂಡಿನಲ್ಲಿ. ಮೋಟಾರಿನಿಂದ ಶ್ರುತಿಯ ಸ್ಕ್ರೂ ತಿರುಗಿಸುವ ಹೊತ್ತಿಗೆ ಆಟ ಮುಗಿದಿರುತ್ತದೆ.

ಮೊದಲು ಕೋಶಗಳ ನಡುವೆ ಬಿಗಿಯುಂಗುರ ಬೆಸೆದರು, ಸಾಲಲಿಲ್ಲ. ಆಮೇಲೆ ಬಂತು ಪೀಜೋ ಎಂಬ ಸಾಧನ: ವೋಲ್ಟೇಜ್ ಕೊಟ್ಟ ತಕ್ಷಣ ಕೆಲವೇ ಮೈಕ್ರೋಮೀಟರ್ ಹಿಗ್ಗಿ ಕುಹರವನ್ನು ಮರಳಿ ಎಳೆದು ನಿಲ್ಲಿಸುತ್ತದೆ. ಕುಹರ ತುಂಬುವ ರೇಡಿಯೋ ತರಂಗದ ಸ್ಪಂದನ ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರುವುದರಿಂದ ಪೀಜೋದಿಂದ ಕುಹರವನ್ನು ತುಸು ಮುಂಚೆಯೇ ತಟ್ಟಬಹುದು. 2017ರಲ್ಲಿ ಹ್ಯಾಂಬರ್ಗ್ ಬಳಿ ಉದ್ಘಾಟನೆಯಾದ ಕ್ಷ-ಕಿರಣ ಲೇಸರ್ ಯಂತ್ರವಾದ ಯುರೋಪಿಯನ್ ಎಕ್ಸ್‌ಫೆಲ್‌ನ 700ಕ್ಕೂ ಹೆಚ್ಚು ಕುಹರಗಳು ಇದೇ ವಂಶದವು.