ಹೆಸರಿದ್ದ ಯಂತ್ರ, ಹೆಸರಿಲ್ಲದ ಕೈಗಳು: ಸಿಲೋನಿನ ಚಹಾ ತೋಟದ ಛಾಯಾಚಿತ್ರಗಳು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಲೋನಿನ ತೋಟಗಳಲ್ಲಿ ತೆಗೆದ ಛಾಯಾಚಿತ್ರಗಳನ್ನು ನಾವು ಉದ್ಯಮದ ಇತಿಹಾಸಕ್ಕೆ ಸೇರಿಸಿ ಸುಮ್ಮನಾಗುತ್ತೇವೆ. ಮನುಷ್ಯನು ದೇವರ ಪ್ರತಿರೂಪವೆಂದು ಬೋಧಿಸುವ ನಮಗೆ ಅವು ದೈವಶಾಸ್ತ್ರದ ಆಕರಗಳೂ ಹೌದು.

ಜೇಮ್ಸ್ ಟೇಲರ್ 1867ರಲ್ಲಿ ಕ್ಯಾಂಡಿಯ ಸಮೀಪ 19 ಎಕರೆಯಲ್ಲಿ ಚಹಾ ನೆಟ್ಟರು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗವು ಕ್ರಮೇಣ ಕಾಫಿಯನ್ನು ನಾಶಮಾಡಲು, ಬೆಟ್ಟಗಳನ್ನು ಚಹಾ ಆವರಿಸಿತು. ಮದ್ರಾಸ್ ಪ್ರಾಂತ್ಯದ ತಮಿಳು ಜಿಲ್ಲೆಗಳ ಬಡವರು ಕಂಗಾಣಿಗಳ ಮುಂಗಡ ಸಾಲ ಹೊತ್ತು ಬಂದು ಲೈನ್ ಮನೆಗಳಲ್ಲಿ ನೆಲೆಸಿದರು. ಕಾರ್ಖಾನೆಗಳಿಗೆ ಎಲೆ ಹೊಸೆಯುವ ಯಂತ್ರಗಳೂ ಒಣಗಿಸುವ ಯಂತ್ರಗಳೂ ಬಂದವು. ಕೊಲಂಬೊದ ಸ್ಕೀನ್, ಪ್ಲಾಟೆ ಮೊದಲಾದ ಸ್ಟುಡಿಯೋಗಳು ತೋಟದ ದೃಶ್ಯಗಳನ್ನು ಚಿತ್ರಿಸಿ ಮಾರಿದವು.

ಯಂತ್ರಗಳು ತಯಾರಕರ ಹೆಸರಿನಿಂದಲೇ ಪ್ರಸಿದ್ಧವಾದವು: ಹೊಸೆಯುವುದು 'ಜಾಕ್ಸನ್', ಒಣಗಿಸುವುದು ಬೆಲ್ಫಾಸ್ಟಿನ ಡೇವಿಡ್ಸನ್ನರ 'ಸಿರೊಕೊ'. ಎಲೆ ಕೊಯ್ಯುವ ಹೆಂಗಸಿಗೆ ಸಿಕ್ಕ ಶೀರ್ಷಿಕೆ ಸಾಮಾನ್ಯವಾಗಿ 'ತಮಿಳು ಕೂಲಿ' ಎಂಬಷ್ಟೇ. ಶ್ರೇಷ್ಠ ಕಲಾವಿದೆ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕೂಡ ಇದಕ್ಕೆ ಹೊರತಲ್ಲ. ಇಂಗ್ಲೆಂಡಿನಲ್ಲಿ ಟೆನ್ನಿಸನ್, ಹರ್ಷೆಲ್ ಮುಂತಾದವರನ್ನು ಹೆಸರಿಟ್ಟು ಚಿತ್ರಿಸಿದ ಅವರು 1875ರಲ್ಲಿ ಸಿಲೋನಿಗೆ ಬಂದರು. ಅಲ್ಲಿ ಅತಿಥಿಯಾಗಿ ಬಂದ ಮೇರಿಯಾನ್ ನಾರ್ತ್ ಹೆಸರು ಉಳಿಯಿತು. ಕಲುತರದ ರೈತರು ಬರಿಯ ರೈತರಾಗಿಯೇ ಉಳಿದರು.

ಇದನ್ನು ಛಾಯಾಗ್ರಾಹಕರ ದುರುದ್ದೇಶವೆನ್ನಲಾಗದು. ಕಣ್ಣೆದುರಿನ ವ್ಯಕ್ತಿಯನ್ನು ದುಡಿಮೆಯ ಬಲವಾಗಿ ಮಾತ್ರ ಕಾಣುವುದು ಆ ವ್ಯವಸ್ಥೆಯ ರೂಢಿಯಾಗಿತ್ತು. ಈ ಚಿತ್ರಗಳು ಮಾರಾಟವಾಗುತ್ತಿದ್ದ ಕಾಲದಲ್ಲೇ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ 'ರೇರುಂ ನೊವಾರುಂ' ಪತ್ರದಲ್ಲಿ ಕಾರ್ಮಿಕನ ಘನತೆಯನ್ನು ಎತ್ತಿಹಿಡಿದರು. 1981ರಲ್ಲಿ ಎರಡನೆಯ ಜಾನ್ ಪಾಲರು ಬಂಡವಾಳಕ್ಕಿಂತ ದುಡಿಮೆಗೆ, ವಸ್ತುವಿಗಿಂತ ವ್ಯಕ್ತಿಗೆ ಆದ್ಯತೆಯೆಂದು ಬೋಧಿಸಿದರು. ಈ ಚಿತ್ರಗಳಲ್ಲಿ ಆ ಕ್ರಮ ತಲೆಕೆಳಗಾಗಿದೆ.

ಅದೇ ದೃಷ್ಟಿ ಕಾನೂನಿನಲ್ಲೂ ಕಾಣಿಸಿತು. 1948ರ ಪೌರತ್ವ ಕಾಯಿದೆಯು ತೋಟದ ತಮಿಳರಲ್ಲಿ ಬಹುಪಾಲು ಜನರನ್ನು ದೇಶವಿಲ್ಲದವರನ್ನಾಗಿಸಿತು. 1964ರ ಒಪ್ಪಂದವು 5,25,000 ಮಂದಿಯನ್ನು ಭಾರತಕ್ಕೆ, 3,00,000 ಮಂದಿಯನ್ನು ಸಿಲೋನಿಗೆ ಹಂಚಿತು, ಲೆಕ್ಕವಿತ್ತು, ಹೆಸರಿರಲಿಲ್ಲ. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಮತ್ತೆ ಕೂಲಿಗೆ ನಿಂತವು.

ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಜ್ಞಾನಸ್ನಾನದ ವಿಧಿಯಲ್ಲಿ ಧರ್ಮಸಭೆ ಮೊದಲು ಕೇಳುವುದೂ ಹೆಸರನ್ನೇ. ಅಂದು ಕ್ಯಾಮೆರಾ ಹಿಡಿದವರು ಕೇಳದೆ ಬಿಟ್ಟ ಆ ಪ್ರಶ್ನೆಯನ್ನು, ತೋಟಗಳ ನಡುವೆ ಸೇವೆಗೆ ತೆರಳುವ ನಾವು ಕೇಳಬೇಕು, ಉತ್ತರವನ್ನು ಬರೆದಿಡಬೇಕು.