ಹೆಡ್‌ಫೋನ್‌ನ ಬೆನ್ನು, ಕೇಳುವ ಕೋಣೆ

ದುಬಾರಿ ಹೆಡ್‌ಫೋನ್ ಕೊಳ್ಳಲು ಹೊರಟವರಿಗೆ ಮೊದಲು ಸಿಗುವ ಬುದ್ಧಿಮಾತು ಬಹುತೇಕ ಒಂದೇ: ಸಂಗೀತಕ್ಕಾದರೆ ಓಪನ್-ಬ್ಯಾಕ್ ತೆಗೆದುಕೊಳ್ಳಿ, ಕ್ಲೋಸ್ಡ್-ಬ್ಯಾಕ್ ಏನಿದ್ದರೂ ಬಸ್ಸಿಗೆ, ಆಫೀಸಿಗೆ. ಮೊದಲನೆಯದರ ಬಟ್ಟಲಿನ ಹಿಂಬದಿಯಲ್ಲಿ ಜಾಲರಿ ಇರುತ್ತದೆ, ಗಾಳಿಯೂ ಸದ್ದೂ ಎರಡೂ ಕಡೆ ಓಡಾಡುತ್ತವೆ. ಎರಡನೆಯದರ ಹಿಂಬದಿ ಗಟ್ಟಿಯಾಗಿ ಮುಚ್ಚಿರುತ್ತದೆ. ತೆರೆದದ್ದು ಸಹಜ, ವಿಶಾಲ, ಮುಚ್ಚಿದ್ದು ಇಕ್ಕಟ್ಟು, ಗುಂಯ್‌ಗುಡುವಂಥದ್ದು ಎಂಬ ಮಾತು ಎಷ್ಟು ಬಲವಾಗಿ ಬೇರುಬಿಟ್ಟಿದೆಯೆಂದರೆ ಈಗ ಅದನ್ನು ಭೌತಶಾಸ್ತ್ರದ ನಿಯಮದಂತೆಯೇ ಹೇಳುತ್ತಾರೆ. ಆದರೆ ಈ ತೀರ್ಪು ಒಂದು ಕಾಲದಲ್ಲಿ, ಒಂದು ಬಗೆಯ ಮನೆಯಲ್ಲಿ ಹುಟ್ಟಿದ್ದು. ಹೆಡ್‌ಫೋನ್‌ನ ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ, ಬೆನ್ನು ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದನ್ನು ಪ್ರತಿ ಸಲವೂ ನಿರ್ಧರಿಸಿದ್ದು ಕೇಳುವವನು ಕೂತ ಜಾಗ. ತೆರೆದ ಹೆಡ್‌ಫೋನ್‌ಗೆ ನಾವು ಕೊಡುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಅದನ್ನು ಸುತ್ತುವರಿದ ನಿಶ್ಶಬ್ದಕ್ಕೆ ಸೇರಬೇಕಾದದ್ದು ಎಂಬುದು ನನ್ನ ವಾದ.

ಆರಂಭದ ಹೆಡ್‌ಫೋನ್‌ಗಳು ಸಂಗೀತಕ್ಕಾಗಿ ಹುಟ್ಟಲಿಲ್ಲ. 1910ರ ಹೊತ್ತಿಗೆ ಅಮೆರಿಕದ ಯೂಟಾದ ನ್ಯಾಥನೀಲ್ ಬಾಲ್ಡ್‌ವಿನ್ ತನ್ನ ಮನೆಯ ಅಡುಗೆಕೋಣೆಯಲ್ಲಿ ಕೂತು ಜೋಡಿಸಿದ ಸಾಧನವನ್ನು ಕೊಂಡದ್ದು ಅಮೆರಿಕದ ನೌಕಾಪಡೆ. ಹಡಗಿನ ವೈರ್‌ಲೆಸ್ ಆಪರೇಟರಿಗೆ ಬೇಕಾದದ್ದು ದೂರದಿಂದ ಬರುವ ಕ್ಷೀಣ ಮೋರ್ಸ್ ಸಂಕೇತ. ಸುತ್ತಲಿನ ಗದ್ದಲದಲ್ಲಿ ಅದು ಕೇಳಬೇಕಾದರೆ ಸಾಧನ ಕಿವಿಗೆ ಒತ್ತಿ ಕೂರಲೇಬೇಕು. 1937ರಲ್ಲಿ ಬರ್ಲಿನ್ನಿನ ಯೂಜೆನ್ ಬೇಯರ್ ಅವರ ಕಂಪನಿ ಹೊರತಂದ ಡಿಟಿ 48, ಸುರುಳಿ ಮತ್ತು ಆಯಸ್ಕಾಂತದ ಡೈನಾಮಿಕ್ ತಂತ್ರದ ಮೊದಲ ಹೆಡ್‌ಫೋನ್. ಅದೂ ಮುಚ್ಚಿದ್ದೇ. 2012ರವರೆಗೂ ತಯಾರಾಗುತ್ತಿದ್ದ ಅದು ಬಾಳಿದ್ದು ಸ್ಟುಡಿಯೋಗಳಲ್ಲಿ, ಶ್ರವಣ ಪರೀಕ್ಷೆಯ ಕೋಣೆಗಳಲ್ಲಿ. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೋ ಸಂಗೀತವನ್ನು ಒಬ್ಬರೇ ಕೇಳುವ ಕಲ್ಪನೆಯನ್ನು ಮಾರುಕಟ್ಟೆಗೆ ತಂದಾಗಲೂ ಅವರ ಎಸ್‌ಪಿ/3 ಹೆಡ್‌ಫೋನ್ ಪೈಲಟ್‌ಗಳ ಹೆಡ್‌ಸೆಟ್‌ಗಳ ವಂಶಕ್ಕೇ ಸೇರಿದಂತಿತ್ತು. ಮುಂದೆ 1970ರಲ್ಲಿ ಕಾಸ್ ಅವರದೇ ಕಂಪನಿಯ ಪ್ರೋ4ಎಎ, ದ್ರವ ತುಂಬಿದ ಮೆತ್ತೆಗಳಿಂದ ಕಿವಿಯ ಸುತ್ತ ಸಂದೇ ಇಲ್ಲದಂತೆ ಮಾಡಿತು. ಅಂದರೆ ಮೊದಲ ಅರ್ಧ ಶತಮಾನ ಹೆಡ್‌ಫೋನ್ ಮುಚ್ಚಿತ್ತು, ಏಕೆಂದರೆ ಅದರ ಊಳಿಗ ಗದ್ದಲದ ಜಾಗಗಳಲ್ಲಿತ್ತು.

ಈ ಸಾಲನ್ನು ಸಾಮಾನ್ಯ ಕೇಳುಗರ ಮಟ್ಟದಲ್ಲಿ ಮುರಿದದ್ದು 1968ರ ಸೆನ್‌ಹೈಸರ್ ಎಚ್‌ಡಿ 414. ಜರ್ಮನಿಯ ಹ್ಯಾನೋವರ್ ಬಳಿಯ ವೆನ್ನೆಬೋಸ್ಟೆಲ್ ಎಂಬ ಹಳ್ಳಿಯಲ್ಲಿ 1945ರಲ್ಲಿ ಫ್ರಿಟ್ಜ್ ಸೆನ್‌ಹೈಸರ್ ಆರಂಭಿಸಿದ್ದ ಪ್ರಯೋಗಶಾಲೆ ಅಷ್ಟರಲ್ಲಿ ಮೈಕ್ರೊಫೋನುಗಳಿಗೆ ಹೆಸರಾದ ಕಂಪನಿಯಾಗಿತ್ತು. ಎಚ್‌ಡಿ 414 ಅನ್ನು ಕೈಗೆತ್ತಿಕೊಂಡರೆ ಇದೇನು ಆಟದ ಸಾಮಾನೇ ಎನಿಸುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ, ಹಿಂಬದಿಯಲ್ಲಿ ಸೀಳುಗಂಡಿಗಳಿರುವ ಚಿಕ್ಕ ಕೋಶ, ಕಿವಿಯ ಮೇಲೆ ಸುಮ್ಮನೆ ಕೂರುವ ಸ್ಪಂಜಿನ ತುಂಡು. ಮುಂದೆ ಆ ಸ್ಪಂಜಿನ ಹಳದಿ ಬಣ್ಣವೇ ಅದರ ಗುರುತಾಯಿತು. ಬಟ್ಟಲಿಲ್ಲ, ಒತ್ತಡವಿಲ್ಲ, ಬೆವರಿಲ್ಲ. ಕಿವಿಗೆ ಬಿಗಿಯಾಗಿ ಕೂರದಿದ್ದರೆ ಒಳ್ಳೆಯ ಸದ್ದೇ ಇಲ್ಲ ಎಂದು ನಂಬಿದ್ದ ಉದ್ಯಮಕ್ಕೆ ಇದು ತಲೆಕೆಳಗಾದ ವಿಚಾರ. ಆದರೂ ಒಂದು ಕೋಟಿಗಿಂತ ಹೆಚ್ಚು ಮಾರಾಟವಾಯಿತು. ಅದನ್ನು ಕೊಂಡವರು ಯಾರು, ಎಲ್ಲಿ ಕೂತು ಕೇಳಿದರು ಎಂಬುದು ಇಲ್ಲಿ ಮುಖ್ಯ. ಯುದ್ಧದ ನಂತರ ಚೇತರಿಸಿಕೊಂಡ ಯುರೋಪಿನ ಮಧ್ಯಮ ವರ್ಗದ ಮನೆಗೆ ಸ್ಟೀರಿಯೋ ಎಲ್‌ಪಿ ಬಂದಿತ್ತು. ಚಳಿಗೆ ಕಿಟಕಿ ಮುಚ್ಚಿದ ಕೋಣೆ, ರಾತ್ರಿಯ ಹೊತ್ತು, ಆರಾಮಕುರ್ಚಿ. ಹೊರಗಿನ ಸದ್ದನ್ನು ತಡೆಯುವ ಕೆಲಸ ಹೆಡ್‌ಫೋನ್‌ಗೆ ಇರಲೇ ಇಲ್ಲ, ಗೋಡೆಗಳೇ ಅದನ್ನು ಮಾಡಿ ಮುಗಿಸಿದ್ದವು. ಆ ಹೊರೆ ಇಳಿದದ್ದರಿಂದಲೇ ಬೆನ್ನನ್ನು ತೆರೆಯುವುದು ಸಾಧ್ಯವಾಯಿತು.

ತೆರೆದದ್ದರಿಂದ ಸಿಕ್ಕ ಲಾಭ ನಿಜವಾದದ್ದೇ. ಹೆಡ್‌ಫೋನ್‌ನ ಪೊರೆ ಕಂಪಿಸಿದಾಗ ಕಿವಿಯ ಕಡೆಗೆ ಎಷ್ಟು ಸದ್ದು ಹೊರಡುತ್ತದೆಯೋ ಹಿಂದಕ್ಕೂ ಅಷ್ಟೇ ಹೊರಡುತ್ತದೆ. ಬೆನ್ನು ತೆರೆದಿದ್ದರೆ ಅದು ಕೋಣೆಗೆ ಸೇರಿಹೋಗುತ್ತದೆ. ಮುಚ್ಚಿದ್ದರೆ ಬಟ್ಟಲಿನ ಗೋಡೆಗೆ ಬಡಿದು ಹಿಂದಿರುಗಿ, ತೆಳುವಾದ ಪೊರೆಯನ್ನು ಹಾದು, ತುಸು ತಡವಾಗಿ ಕಿವಿಗೆ ಬರುತ್ತದೆ. 5000 ಹರ್ಟ್ಜ್‌ನ ಅಲೆಯ ಉದ್ದ ಸುಮಾರು 7 ಸೆಂಟಿಮೀಟರ್, ಬಟ್ಟಲಿನ ಆಳ ಹೆಚ್ಚುಕಡಿಮೆ ಅದರ ಅರ್ಧ. ಹಾಗಾಗಿ ನಮ್ಮ ಕಿವಿ ತೀರ ಸೂಕ್ಷ್ಮವಾಗಿರುವ ಶ್ರೇಣಿಯಲ್ಲೇ ಅಲೆಗಳು ಒಂದರ ಮೇಲೊಂದು ಕೂತು ಕೆಲವು ಸ್ವರಗಳನ್ನು ಉಬ್ಬಿಸುತ್ತವೆ, ಕೆಲವನ್ನು ಕುಗ್ಗಿಸುತ್ತವೆ. ಅಗ್ಗದ ಕ್ಲೋಸ್ಡ್ ಹೆಡ್‌ಫೋನ್‌ನಲ್ಲಿ ಗಾಯಕರ ದನಿ ಬಿಂದಿಗೆಯೊಳಗಿಂದ ಬಂದಂತೆ ಕೇಳುವುದು ಇದರಿಂದಲೇ. ಅದೇ ಹೊತ್ತಿಗೆ ತೆರೆದದ್ದಕ್ಕೂ ಅದರದೇ ನಷ್ಟವಿದೆ. ತೀರ ಕೆಳಗಿನ ಮಂದ್ರದಲ್ಲಿ ಮುಂದಿನ ಅಲೆಯೂ ಹಿಂದಿನ ಅಲೆಯೂ ಪೊರೆಯ ಅಂಚನ್ನು ಸುತ್ತಿಕೊಂಡು ಬಂದು ಒಂದನ್ನೊಂದು ಅಳಿಸುತ್ತವೆ. ಸರಿಯಾಗಿ ಮುಚ್ಚಿ ಕೂತ ಹೆಡ್‌ಫೋನ್ ಮಂದ್ರವನ್ನು ಕೊನೆಯವರೆಗೂ ಸಮನಾಗಿ ಒಯ್ಯಬಲ್ಲದು, ಕನ್ನಡಕದ ಕಡ್ಡಿ ಸಂದು ಮಾಡದಿದ್ದರೆ. ಎರಡೂ ಬಗೆ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆದಿವೆ.

ಜಾಗವೇ ಬೆನ್ನನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಧ್ವನಿಮುದ್ರಣ ಸ್ಟುಡಿಯೋ ಒಳ್ಳೆಯ ಸಾಕ್ಷಿ. ಅಲ್ಲಿ ಗಾಜಿನ ಒಂದು ಬದಿಯಲ್ಲಿ ಗಾಯಕರು ಮೈಕಿನ ಮುಂದೆ ನಿಂತಿರುತ್ತಾರೆ. ಅವರ ಕಿವಿಯಲ್ಲಿ ಕೇಳುವ ತಾಳದ ಟಿಕ್‌ಟಿಕ್ ಹೊರಗೆ ಸೋರಿ ಮೈಕಿಗೆ ಸೇರಿದರೆ ಆ ಟೇಕ್ ಹಾಳಾಯಿತು. ಹಾಗಾಗಿ ಅಲ್ಲಿ ಬೇಯರ್‌ಡೈನಾಮಿಕ್ ಡಿಟಿ 100, ಡಿಟಿ 770, ಸೋನಿಯ ಎಂಡಿಆರ್-7506ನಂಥ ಮುಚ್ಚಿದ ಹೆಡ್‌ಫೋನ್‌ಗಳೇ ದಶಕಗಳಿಂದ ರೂಢಿಯಲ್ಲಿವೆ. ಗಾಜಿನ ಇನ್ನೊಂದು ಬದಿಯಲ್ಲಿ, ಮುದ್ರಣವೆಲ್ಲ ಮುಗಿದ ಮೇಲೆ ಮಿಕ್ಸಿಂಗ್‌ಗೆ ಕೂರುವ ಎಂಜಿನಿಯರ್ ಎಕೆಜಿ ಕೆ 240ರಂಥ ಅರೆತೆರೆದದ್ದನ್ನೋ ಸೆನ್‌ಹೈಸರ್ ಎಚ್‌ಡಿ 600ರಂಥ ಪೂರ್ತಿ ತೆರೆದದ್ದನ್ನೋ ಹಾಕಿಕೊಳ್ಳಬಹುದು. ಕಟ್ಟಡ ಒಂದೇ, ಹಾಡು ಒಂದೇ, ಸದ್ದಿನ ಮೇಲಿನ ಕಾಳಜಿಯೂ ಒಂದೇ. ಬೇರೆಯಾದದ್ದು ಕೋಣೆಯ ಅಗತ್ಯ ಮಾತ್ರ. ಇವೆರಡರಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಹಣಕ್ಕೆ ಮುಖ ನೋಡದೆ ಮಾಡಿದ ಹೆಡ್‌ಫೋನ್‌ಗಳೆಲ್ಲ ತೆರೆದವೇ ಅಲ್ಲವೇ? 1960ರಲ್ಲಿ ಜಪಾನಿನ ಸ್ಟ್ಯಾಕ್ಸ್ ಹೊರತಂದ ಎಲೆಕ್ಟ್ರೋಸ್ಟ್ಯಾಟಿಕ್ ಎಸ್‌ಆರ್-1, 1991ರಲ್ಲಿ ಸೆನ್‌ಹೈಸರ್ ಕೆಲವೇ ನೂರು ಮಾತ್ರ ಮಾಡಿದ ಆರ್ಫಿಯಸ್, 2009ರ ಎಚ್‌ಡಿ 800, ಎಲ್ಲವೂ ತೆರೆದ ಬೆನ್ನಿನವು. ಇದು ನಿಜ. ಆದರೆ ಇದೇ ಪಟ್ಟಿಯಲ್ಲಿ 1989ರ ಸೋನಿ ಎಂಡಿಆರ್-ಆರ್10ಕ್ಕೂ ಜಾಗ ಕೊಡಬೇಕಾಗುತ್ತದೆ, ಅದು ಮುಚ್ಚಿದ್ದು. ಅದರ ಬಟ್ಟಲುಗಳು ಕೆಯಾಕಿ ಎಂಬ ಜಪಾನಿ ಮರದಿಂದ ಕೆತ್ತಿದವು. ಒಳಮೈ ಎಲ್ಲೂ ಸಪಾಟಾಗಿಲ್ಲ, ಅಲೆ ಒಂದೇ ಜಾಗಕ್ಕೆ ಮರಳಿ ಬೀಳದಂತೆ ಏರಿಳಿತಗಳಿರುವ ಬಾಗು ಅದಕ್ಕಿದೆ. ಪೊರೆ ಬ್ಯಾಕ್ಟೀರಿಯಾಗಳಿಂದ ಬೆಳೆಸಿದ ಸೆಲ್ಯುಲೋಸ್‌ನದು. ಆ ಕಾಲಕ್ಕೆ 2500 ಡಾಲರ್ ಬೆಲೆಯಿದ್ದ ಅದನ್ನು ಇಂದಿಗೂ ಬಲ್ಲವರು ಈವರೆಗಿನ ಅತ್ಯುತ್ತಮ ಹೆಡ್‌ಫೋನ್‌ಗಳ ಸಾಲಿನಲ್ಲಿ ಎಣಿಸುತ್ತಾರೆ. ಅಂದರೆ ಮುಚ್ಚಿದ ಬಟ್ಟಲಿನ ದೋಷ ತಿದ್ದಲಾಗದ್ದಲ್ಲ, ತಿದ್ದುವುದಕ್ಕೆ ಖರ್ಚು ಹೆಚ್ಚು, ಅಷ್ಟೇ. ಅದೇ ಹಣವನ್ನು ಇಬ್ಬರೂ ಹಾಕಿದರೆ ತೆರೆದದ್ದು ಬೇಗ ಗುರಿ ಮುಟ್ಟುತ್ತದೆ ಎಂಬುದನ್ನು ಒಪ್ಪಬಹುದು. ಅದಕ್ಕಿಂತ ಹೆಚ್ಚಿನದನ್ನು ಈ ಪಟ್ಟಿ ಸಾಬೀತು ಮಾಡುವುದಿಲ್ಲ.

2018ರಲ್ಲಿ ಸೆನ್‌ಹೈಸರ್ ತಾನೇ ಈ ಹೋಲಿಕೆಗೆ ಒಂದು ಒಳ್ಳೆಯ ಅವಕಾಶ ಮಾಡಿಕೊಟ್ಟಿತು. ಎಚ್‌ಡಿ 800ರ 56 ಮಿಲಿಮೀಟರಿನ ಉಂಗುರಾಕಾರದ ಡ್ರೈವರ್ (ಸದ್ದು ಹುಟ್ಟಿಸುವ ಘಟಕ) ವಿನ್ಯಾಸವನ್ನೇ ಇಟ್ಟುಕೊಂಡು, ಬೆನ್ನನ್ನು ಒಳಬಾಗಿದ ಗಾಜಿನಿಂದ ಮುಚ್ಚಿ ಎಚ್‌ಡಿ 820 ಮಾಡಿತು. ಹಿಂದಕ್ಕೆ ಹೊರಟ ಅಲೆಯನ್ನು ಆ ಗಾಜು ಪಕ್ಕದ ಹೀರುಕೋಶಗಳಿಗೆ ತಿರುಗಿಸುತ್ತದೆ. ಫಲ ಏನಾಯಿತು? ಮಂದ್ರ ದಪ್ಪವಾಯಿತು, ಅದರ ಮೇಲಿನ ಭಾಗದಲ್ಲಿ ಒಂದು ತಗ್ಗು ಕಾಣಿಸಿಕೊಂಡಿತು, ತೆರೆದ ಅಣ್ಣನಷ್ಟು ಸಮತೂಕ ಬರಲಿಲ್ಲ. ಇದು ನನ್ನ ವಾದಕ್ಕೆ ವಿರುದ್ಧದ ಸಾಕ್ಷಿಯಂತೆ ಕಾಣಬಹುದು. ಆದರೆ ಇಲ್ಲಿ ಮುಚ್ಚಿದ್ದು, ತೆರೆದಿರಲೆಂದೇ ರೂಪಿಸಿದ ಡ್ರೈವರನ್ನು. ಆರ್10ರಲ್ಲಿ ಡ್ರೈವರ್, ಮರ, ಬಾಗು ಮೂರೂ ಮೊದಲಿಂದ ಒಂದಕ್ಕೊಂದು ಹೊಂದುವಂತೆ ಹುಟ್ಟಿದ್ದವು.

ಎರಡನೆಯ ಆಕ್ಷೇಪ ವಿಶಾಲತೆಯದು. ತೆರೆದದ್ದರಲ್ಲಿ ವಾದ್ಯಗಳು ತಲೆಯಿಂದಾಚೆ, ಬಿಡಿಬಿಡಿಯಾಗಿ ಕೂತಂತೆ ಕೇಳುತ್ತವೆ ಎಂಬುದು ಅನೇಕರ ಅನುಭವ. ಆ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ಕಾರಣವನ್ನು ಪ್ರಶ್ನಿಸುತ್ತೇನೆ. ಎಚ್‌ಡಿ 800ರ ಹರವಿಗೆ ಅದರ ಡ್ರೈವರ್ ಕಿವಿಯಿಂದ ದೂರದಲ್ಲಿ, ಮುಂದಿನಿಂದ ಓರೆಯಾಗಿ ಕೂತಿರುವುದೂ ಕಾರಣ. ಸದ್ದು ಕಿವಿಯ ಹಾಲೆಯ ಮಡಿಕೆಗಳನ್ನು ಹಾದು ಒಳಗೆ ಹೋದಾಗ ಮಿದುಳಿಗೆ ದಿಕ್ಕಿನ ಸುಳಿವು ಸಿಗುತ್ತದೆ. ಬೆನ್ನು ತೆರೆದಿದ್ದೂ ಡ್ರೈವರ್ ಕಿವಿಗೆ ಹತ್ತಿರ, ಸಮಾನಾಂತರವಾಗಿ ಇರುವ ಎಚ್‌ಡಿ 600 ಸ್ವರದ ಸಹಜತೆಗೆ ಹೆಸರಾದರೂ ಹರವಿಗೆ ಹೆಸರಾಗಲಿಲ್ಲ. ಬೆನ್ನು ಮುಚ್ಚಿದ ಆರ್10 ಮಾತ್ರ ಹರವಿಗೂ ಹೆಸರಾಯಿತು. ಬೆನ್ನೊಂದೇ ಕಾರಣವಾಗಿದ್ದರೆ ಈ ಎರಡೂ ಉಲ್ಟಾ ಆಗಬೇಕಿತ್ತು. ತೆರೆದ ಬೆನ್ನು ಖಂಡಿತ ಮಾಡುವ ಉಪಕಾರವೆಂದರೆ ಕಿವಿ ಕಟ್ಟಿದಂಥ ಭಾವನೆಯನ್ನು ತಪ್ಪಿಸುವುದು. ಅದು ಸಣ್ಣದಲ್ಲ, ಆದರೆ ಅದು ಬೇರೆ ವಿಚಾರ.

ಮೂರನೆಯ ಆಕ್ಷೇಪ ಚರಿತ್ರೆಯಿಂದಲೇ ಬರುತ್ತದೆ. ಜಾಗವೇ ನಿರ್ಧರಿಸುವುದಾದರೆ 1979ರಲ್ಲಿ ಸೋನಿಯ ಕ್ಯಾಸೆಟ್ ಪ್ಲೇಯರ್ ವಾಕ್‌ಮನ್ ಬೀದಿಗೆ ಇಳಿದಾಗ ಅದರ ಜೊತೆ ಮುಚ್ಚಿದ ಹೆಡ್‌ಫೋನ್ ಇರಬೇಕಿತ್ತು. ಇದ್ದದ್ದು ಸುಮಾರು 50 ಗ್ರಾಂ ತೂಕದ, ಸ್ಪಂಜಿನ ಮೆತ್ತೆಯ, ತೆರೆದ ಹೆಡ್‌ಫೋನ್. ಆ ಕಾಲದ ಅನೇಕ ಹೆಡ್‌ಫೋನ್‌ಗಳು 300ರಿಂದ 400 ಗ್ರಾಂ ತೂಗುತ್ತಿದ್ದವು, ಅದನ್ನು ಹೊತ್ತು ಯಾರೂ ಬೀದಿಯಲ್ಲಿ ನಡೆಯುತ್ತಿರಲಿಲ್ಲ. ಸೋನಿ ಮಣಿದದ್ದು ಹಗುರಕ್ಕೆ. ಅದಕ್ಕೆ ತೆತ್ತ ಬೆಲೆ ಬೇಗ ಗೊತ್ತಾಯಿತು. ರೈಲಿನ ಸದ್ದನ್ನು ಮೀರಲು ಕೇಳುಗರು ವಾಲ್ಯೂಮ್ ಏರಿಸಿದರು, ಸೋರಿದ ಚರಪರ ಸದ್ದು ಟೋಕಿಯೋದ ಸಹಪ್ರಯಾಣಿಕರ ದೂರಿಗೆ ಕಾರಣವಾಯಿತು. ಮುಂದೆ ಕಿವಿಯ ರಂಧ್ರವನ್ನೇ ಮುಚ್ಚುವ ಪುಟ್ಟ ಇಯರ್‌ಫೋನ್‌ಗಳು ಬಂದಾಗ, ಹಗುರವೂ ತಡೆಯೂ ಒಟ್ಟಿಗೆ ಸಿಕ್ಕವು, ಬೀದಿ ಆ ಸ್ಪಂಜನ್ನು ಕೈಬಿಟ್ಟಿತು. ವಾಕ್‌ಮನ್ ನಿಯಮವನ್ನು ಸುಳ್ಳುಮಾಡಲಿಲ್ಲ, ಕೆಲವು ವರ್ಷ ಮುಂದೂಡಿತು.

ಈಗ ನಾಯ್ಸ್ ಕ್ಯಾನ್ಸಲಿಂಗ್ ಬಂದಿದೆ, ಇನ್ನು ಈ ಚರ್ಚೆಯೇಕೆ ಎನ್ನುವವರೂ ಇದ್ದಾರೆ. 1978ರಲ್ಲಿ ಬೋಸ್ ಕಂಪನಿಯ ಸ್ಥಾಪಕ ಅಮರ್ ಬೋಸ್ ವಿಮಾನಯಾನದ ನಡುವೆ ಯೋಚಿಸಿದ ಈ ತಂತ್ರ, 1989ರಲ್ಲಿ ಪೈಲಟ್‌ಗಳ ಹೆಡ್‌ಸೆಟ್ ಆಗಿ, 2000ದಲ್ಲಿ ಕ್ವಯಟ್‌ಕಂಫರ್ಟ್ ಹೆಸರಿನಲ್ಲಿ ಪ್ರಯಾಣಿಕರ ಕೈಗೆ ಬಂತು. ಎಂಜಿನ್ನಿನ ಒಂದೇ ಸಮನೆಯ ಕೆಳಸ್ಥಾಯಿಯ ಮೊರೆತವನ್ನು ಅದು ಅಳಿಸಬಲ್ಲದು. ಹಾರ್ನ್, ಪಾತ್ರೆಯ ಸದ್ದು, ಪಕ್ಕದವರ ಮಾತುಗಳಂಥ ಏರುಸ್ಥಾಯಿಯ ಸದ್ದುಗಳನ್ನು ತಡೆಯಲು ಮಾತ್ರ ಇಂದಿಗೂ ಮುಚ್ಚಿದ ಬಟ್ಟಲೂ ಮೆತ್ತೆಯೂ ಬೇಕು. ಹೊಸ ತಂತ್ರವೂ ನಿಂತಿರುವುದು ಹಳೆಯ ಮುಚ್ಚಿದ ಬೆನ್ನಿನ ಮೇಲೆಯೇ.

ಈ ಚರಿತ್ರೆ ನಮಗೆ ಏಕೆ ಮುಖ್ಯವೆಂದರೆ, ತೀರ್ಪು ಹುಟ್ಟಿದ ಆ ಕೋಣೆ ನಮ್ಮದಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾರ್ಚ್ ತಿಂಗಳಲ್ಲಿ ಕಿಟಕಿ ತೆರೆದೇ ಇರುತ್ತದೆ, ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಹೊರಗೆ ಆಟೋ, ಒಳಗೆ ಮಿಕ್ಸಿ. ಫ್ಯಾನಿನ ಕೋಣೆಯಲ್ಲಿ 50 ಡೆಸಿಬಲ್‌ನ ಆಸುಪಾಸಿನ ಸದ್ದು ಸಾಮಾನ್ಯ. ತೆರೆದ ಹೆಡ್‌ಫೋನ್ ಅದನ್ನು ಹಾಗೆಯೇ ಒಳಗೆ ಬಿಡುತ್ತದೆ. ಆಲಾಪನೆ ಮುಗಿಯುವಾಗ ತೆಳುವಾಗುವ ದನಿ, ಹಾಡುಗಾರರು ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ ಉಳಿಯುವ ತಂಬೂರಿಯ ಶ್ರುತಿ, ಇವೇ ಮೊದಲು ಮುಳುಗುತ್ತವೆ. ಅವನ್ನು ಮೇಲೆತ್ತಲು ವಾಲ್ಯೂಮ್ ಏರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿರುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬಲ್ ಏರಿದರೆ ಆ ಗಂಟೆಗಳು ಅರ್ಧವಾಗುತ್ತವೆ. ತಪ್ಪು ಕೋಣೆಯಲ್ಲಿ ಹಾಕಿಕೊಂಡ ಉತ್ತಮ ಹೆಡ್‌ಫೋನ್ ಸೂಕ್ಷ್ಮವನ್ನೂ ಕಳೆಯುತ್ತದೆ, ಕಿವಿಯನ್ನೂ ಸವೆಸುತ್ತದೆ.

ಆದ್ದರಿಂದ ದೊಡ್ಡ ಮೊತ್ತ ಕೈಬಿಡುವ ಮೊದಲು ನೀವು ದಿನವೂ ಕೇಳುವ ಹೊತ್ತಿನಲ್ಲಿ, ಕೇಳುವ ಜಾಗದಲ್ಲಿ, ಏನೂ ಹಾಕಿಕೊಳ್ಳದೆ ಐದು ನಿಮಿಷ ಕೂತು ಕೋಣೆಯನ್ನೇ ಆಲಿಸಿ. ಬೆಳಗಿನ ಜಾವ, ಫ್ಯಾನ್ ಬೇಡದ ಋತು, ಸದ್ದಿಲ್ಲದ ಬೀದಿ ನಿಮ್ಮದಾಗಿದ್ದರೆ ತೆರೆದದ್ದನ್ನು ಕೊಳ್ಳಿ, ಕೊಟ್ಟ ಹಣಕ್ಕೆ ಅದಕ್ಕಿಂತ ಹೆಚ್ಚು ಕೊಡುವುದು ಇನ್ನೊಂದಿಲ್ಲ. ಇಲ್ಲದಿದ್ದರೆ ಚೆನ್ನಾಗಿ ಮಾಡಿದ ಮುಚ್ಚಿದ ಹೆಡ್‌ಫೋನನ್ನು ಹಿಂಜರಿಯದೆ ಆರಿಸಿಕೊಳ್ಳಿ. ಅದು ಕಡಿಮೆ ದರ್ಜೆಯ ಆಯ್ಕೆಯಲ್ಲ, ನಮ್ಮ ಮನೆಗಳಿಗೆ ಹೆಚ್ಚು ಸಲ ಒಪ್ಪುವ ಆಯ್ಕೆ.