ನೂರು ಮೀಟರ್ ಸರಿದ ಕೆರೆ

ಊರಿಗೆ ಹೋದಾಗ ಅಪ್ಪ ಕೇಳಿದ್ರು: "ಸಾಸ್ವೆಹಳ್ಳಿ ಏತ ನೀರಾವರಿಯಿಂದ ಕೆರೆಗೆ ನೀರು ಬಂದ್ರೆ ನಿನ್ನ ಕಂಪ್ಯೂಟರ್‌ನಾಗೆ ಕಾಣ್ತತೇನೋ?"

ಕಾಣುತ್ತೆ ಅಂದೆ. ಹಳೇ ಟೋಪೋಶೀಟ್ ಸ್ಕ್ಯಾನ್ ಮಾಡಿ, ಕೆರೆಯ ಗೆರೆ ತೆಗೆದು, ಸೆಂಟಿನೆಲ್-2 ಉಪಗ್ರಹದ ಚಿತ್ರದ ಮೇಲಿಟ್ಟೆ. ಕೆರೆಯ ಒಂದು ಭಾಗ ಪಕ್ಕದ ಅಡಿಕೆ ತೋಟದಲ್ಲಿತ್ತು! ಗೆರೆಯೊಳಗಿನ ನೀರನ್ನಷ್ಟೇ ಲೆಕ್ಕ ಹಾಕಿದ್ರೆ ತುಂಬಿದ ಕೆರೆಯೂ ಕಾಲುಭಾಗ ಖಾಲಿ ಅಂತ ಬರೋದು. ತಪ್ಪು ನಕ್ಷೆಯದ್ದಲ್ಲ, ಉಪಗ್ರಹದ್ದೂ ಅಲ್ಲ. ನನ್ನದು.

ಇದರ ಬೇರು 1800ರಲ್ಲಿದೆ. ಟಿಪ್ಪು ಸತ್ತ ಮರುವರ್ಷ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸರಪಳಿ ಹಿಡಿದು ಒಂದು ಆಧಾರ ರೇಖೆ ಅಳೆದ. ಆಮೇಲೆ ದೇಶದುದ್ದಕ್ಕೂ ತ್ರಿಕೋನಗಳ ಜಾಲ ಹರಡಿತು. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಒಂದು ಲೆಕ್ಕ ಕೊಟ್ಟ. ಭಾರತಕ್ಕೆ ಅದು ಚೆನ್ನಾಗಿ ಹೊಂದುತ್ತಿತ್ತು, ಇಡೀ ಭೂಮಿಗಲ್ಲ. ನಮ್ಮ ಹಳೇ ಟೋಪೋಶೀಟ್‌ಗಳೆಲ್ಲ ಅದರ ಮೇಲೇ ನಿಂತವು. ಜಿಪಿಎಸ್ ಬಳಸೋದು ಡಬ್ಲ್ಯೂಜಿಎಸ್-84 ಅನ್ನೋ ಬೇರೆ ಲೆಕ್ಕ. ಅದು ಭೂಮಿಯ ದ್ರವ್ಯಕೇಂದ್ರದಿಂದ ಅಳೆಯುತ್ತೆ. ಅದೇ ಅಕ್ಷಾಂಶ, ರೇಖಾಂಶವನ್ನು ಎರಡರಲ್ಲೂ ಹಾಕಿದ್ರೆ ನಮ್ಮ ಕಡೆ ನೂರು ಮೀಟರ್ ಆಸುಪಾಸು ವ್ಯತ್ಯಾಸ ಬರುತ್ತೆ. "ಯಾವೂರ ಸೇರು?" ಅಂತ ಕೇಳದೆ ಭತ್ತ ಅಳೆದಂಗೆ.

ಮೊದಮೊದಲು ಇದು ಅಷ್ಟಾಗಿ ಕಾಡ್ತಿರಲಿಲ್ಲ. 1988ರ ಮಾರ್ಚ್ 17ರಂದು ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹದ ಲಿಸ್-1 ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ 72.5 ಮೀಟರ್. ನೂರು ಮೀಟರ್ ತಪ್ಪಾದ್ರೂ ಒಂದೂವರೆ ಪಿಕ್ಸೆಲ್ ದಾಟಲ್ಲ. ಸೆಂಟಿನೆಲ್-2ರ ಪಿಕ್ಸೆಲ್ 10 ಮೀಟರ್. ಅಲ್ಲಿ ಅದೇ ತಪ್ಪು ಹತ್ತು ಪಿಕ್ಸೆಲ್. ಕಣ್ಣು ಚುರುಕಾದಷ್ಟೂ ಒಪ್ಪಂದ ಬೇಕಾಯ್ತು.

ಒಪ್ಪಂದಗಳು ಬಂದವು ಕೂಡ. 1994ರಲ್ಲಿ ಓಪನ್ ಜಿಯೋಸ್ಪೇಶಿಯಲ್ ಕನ್ಸೋರ್ಶಿಯಂ ಶುರುವಾಯ್ತು. ಅದೇ ದಶಕದಲ್ಲಿ ಬಂದ ಜಿಯೋಟಿಫ್, ಚಿತ್ರದೊಳಗೇ ಅದರ ವಿಳಾಸ ಬರೆದಿಡೋ ಪದ್ಧತಿ ತಂತು. ಆ ವಿಳಾಸಕ್ಕೆ ಬಳಸುವ ಇಪಿಎಸ್‌ಜಿ ನಂಬರ್‌ಗಳ ಪಟ್ಟಿ ಮಾಡಿದ್ದು ಯುರೋಪಿನ ತೈಲ ಉದ್ಯಮದ ಸರ್ವೇಯರ್‌ಗಳು. ನಮ್ಮ ಕೆರೆಗೂ ಅದೇ ಪಟ್ಟಿ! ಭಾರತದಲ್ಲಿ 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ಜನಬಳಕೆಯ ಓಪನ್ ಸೀರೀಸ್ ನಕ್ಷೆಗಳು ಡಬ್ಲ್ಯೂಜಿಎಸ್-84ಕ್ಕೆ ಬಂದವು.

ಸೆಂಟಿನೆಲ್ ಚಿತ್ರ 32643 ಅಂತ ತನ್ನ ನಂಬರ್ ತಾನೇ ಹೇಳಿತ್ತು. ನನ್ನ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಸಾಫ್ಟ್‌ವೇರ್ ಕೇಳಿದಾಗ ಕೈಗೆ ಅಭ್ಯಾಸವಾಗಿದ್ದ 4326 ಒತ್ತಿದ್ದೆ, ಅಂದ್ರೆ ಡಬ್ಲ್ಯೂಜಿಎಸ್-84. ಎವರೆಸ್ಟ್ ಅಂತ ತಿದ್ದಿ ಮತ್ತೆ ಓಡಿಸಿದೆ. ಕೆರೆ ಏರಿಯ ಒಳಗೆ ಬಂದು ಕೂತಿತು.

ಅಪ್ಪನಿಗೆ ಫೋನ್ ಮಾಡಿದೆ. "ನಮ್ ಕೆರೆ ಏರಿ ಮೇಲೆ ನಿಂತ್ರೆ ನನಗೇ ಕಾಣ್ತತೆ. ಉಳಿದ ಊರಿನ ಕೆರೆ ತುಂಬ್ಯಾವೇನು, ಅದು ಹೇಳು" ಅಂದ್ರು.